ಸಾಲುಗಳ ಕ್ರಮವೇ ಕಾವಲು: ಲಿನಕ್ಸ್ ಪ್ರವೇಶದ ಏರ್ಪಾಡು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಬಳಕೆಯಲ್ಲಿರುವುದರಿಂದ, ಅಲ್ಲಿನ ಶಾಲೆಯೊಂದು ಕೆಲವೇ ಕಂಪ್ಯೂಟರುಗಳನ್ನು ಹಲವು ಮಕ್ಕಳಿಗೆ ಹಂಚಿಕೊಡಹೊರಟರೆ ಕೀಲಿಮಣೆಯ ಪ್ರಶ್ನೆಯೂ ಪ್ರವೇಶಾಧಿಕಾರದ ಪ್ರಶ್ನೆಯೂ ಒಟ್ಟಿಗೇ ಎದುರಾಗುತ್ತವೆ. ಡೆಬಿಯನ್ ಆಧಾರದ ಮೇಲೆ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ಈ ಅಧಿಕಾರವನ್ನು ನಿರ್ಧರಿಸುವುದು ಪ್ಯಾಮ್, ಅಂದರೆ ಬೇಕಾದಂತೆ ಸೇರಿಸಿ ತೆಗೆಯಬಹುದಾದ ದೃಢೀಕರಣ ಘಟಕಗಳ ಏರ್ಪಾಡು.

ಸನ್ ಮೈಕ್ರೋಸಿಸ್ಟಮ್ಸ್‌ನ ವಿಪಿನ್ ಸಮರ್ ಮತ್ತು ರೋಲಂಡ್ ಸ್ಕೀಮರ್ಸ್ 1995ರಲ್ಲಿ ಇದನ್ನು ಮುಂದಿಡುವ ಮೊದಲು, ಪಾಸ್‌ವರ್ಡ್ ಕೇಳುವ ತಂತ್ರಾಂಶಗಳು ಪರೀಕ್ಷೆಯ ವಿಧಾನವನ್ನು ತಮ್ಮೊಳಗೇ ಹೊತ್ತಿರುತ್ತಿದ್ದುದರಿಂದ, ವಿಧಾನ ಬದಲಾದಾಗ ಅವನ್ನೆಲ್ಲ ತಿದ್ದಬೇಕಾಗುತ್ತಿತ್ತು. ಪ್ಯಾಮ್ ಆ ಹೊರೆಯನ್ನು ‘ಪ್ಯಾಮ್.ಡಿ’ ಕಡತಕೋಶದ ಕೆಲವು ಪಠ್ಯ ಕಡತಗಳಿಗೆ ವರ್ಗಾಯಿಸಿತು. ಅವುಗಳಲ್ಲಿ ‘ಆತ್’ ಸಾಲುಗಳು ಬಂದವರು ಯಾರೆಂದು ಪರೀಕ್ಷಿಸುತ್ತವೆ. ‘ಅಕೌಂಟ್’ ಸಾಲುಗಳು ಆ ಖಾತೆಗೆ ಆ ಹೊತ್ತಿನಲ್ಲಿ ಅನುಮತಿಯಿದೆಯೇ ಎಂದು ನೋಡುತ್ತವೆ. ‘ಪಾಸ್‌ವರ್ಡ್’ ಮತ್ತು ‘ಸೆಷನ್’ ಸಾಲುಗಳು ಕ್ರಮವಾಗಿ ಪಾಸ್‌ವರ್ಡ್ ಬದಲಾವಣೆಯನ್ನೂ ಪ್ರವೇಶ-ನಿರ್ಗಮನದ ವೇಳೆಯ ಕೆಲಸಗಳನ್ನೂ ವಹಿಸಿಕೊಳ್ಳುತ್ತವೆ.

ಸಾಲಿನ ನಿಯಂತ್ರಣ ಪದ ಇನ್ನೂ ಮುಖ್ಯ. ‘ರಿಕ್ವಿಸಿಟ್’ ಎಂದಿರುವ ಪರೀಕ್ಷೆ ಸೋತರೆ ಪ್ರವೇಶ ಅಲ್ಲಿಗೇ ನಿರಾಕೃತವಾಗುತ್ತದೆ. ‘ರಿಕ್ವೈರ್ಡ್’ ಎಂದಿದ್ದರೆ ಸೋಲು ಖಚಿತವಾದ ಮೇಲೂ ಉಳಿದ ಪರೀಕ್ಷೆಗಳು ನಡೆಯುತ್ತವೆ, ಏಕೆಂದರೆ ತಾನು ಎಲ್ಲಿ ಸಿಕ್ಕಿಬಿದ್ದೆನೆಂಬುದು ನುಸುಳಲೆತ್ನಿಸುವವನಿಗೆ ತಿಳಿಯಬಾರದು. ಮೂರು ಬಾರಿ ತಪ್ಪಿದ ಖಾತೆಯನ್ನು 600 ಸೆಕೆಂಡು ತಡೆಹಿಡಿಯುವುದು ‘ಫೇಲ್‌ಲಾಕ್’ ಘಟಕದ ಪೂರ್ವನಿಗದಿತ ರೂಢಿ; ಎಳೆಯ ಮಕ್ಕಳಿಗೆ ಇದು ತುಸು ಕಠಿಣವೇ ಸರಿ.

ಬಹುಭಾಷಾ ಸೀಮೆಯಲ್ಲಿ ಇದರ ತೊಡಕು ಹೆಚ್ಚು. ಕೀಲಿಮಣೆ ತೆಲುಗಿನಲ್ಲಿದೆಯೋ ಕನ್ನಡದಲ್ಲಿದೆಯೋ ಎಂಬುದು ಚುಕ್ಕೆಗಳ ಮರೆಯಲ್ಲಿ ಕಾಣುವುದಿಲ್ಲ. ಅಷ್ಟೇ ಅಲ್ಲ, ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ ಆದರೂ, ಪಾಸ್‌ವರ್ಡ್ ಪರೀಕ್ಷಿಸುವ ‘ಪ್ಯಾಮ್-ಯೂನಿಕ್ಸ್’ ಘಟಕ ಬೈಟ್‌ಗಳನ್ನಷ್ಟೇ ಬಲ್ಲುದಾದ್ದರಿಂದ ಅವನ್ನು ಬೇರೆಬೇರೆಯೆಂದೇ ಎಣಿಸುತ್ತದೆ. ಭಾಷಾಭಿಮಾನಕ್ಕೆ ಒಗ್ಗದಿದ್ದರೂ, ಪಾಸ್‌ವರ್ಡಿಗೆ ಸದ್ಯ ಇಂಗ್ಲಿಷ್ ಅಕ್ಷರಗಳೇ ಕ್ಷೇಮ.

ಡೆಬಿಯನ್ ಬಳಗದ ‘ಕಾಮನ್-ಆತ್’ ಕಡತದಲ್ಲಿ ಇನ್ನೊಂದು ಸೂಕ್ಷ್ಮವಿದೆ: ‘ಸಕ್ಸೆಸ್=1’ ಎಂದರೆ, ಪಾಸ್‌ವರ್ಡ್ ಸರಿಯಾದಾಗ ಮುಂದಿನ ಒಂದು ಸಾಲನ್ನು, ಅಂದರೆ ಎಲ್ಲರನ್ನೂ ನಿರಾಕರಿಸುವ ‘ಪ್ಯಾಮ್-ಡಿನೈ’ಯನ್ನು, ದಾಟಬೇಕೆಂದರ್ಥ. ನಡುವೆ ಹೊಸ ಸಾಲೊಂದನ್ನು ಕೈಯಾರೆ ಸೇರಿಸಿ ಆ ಅಂಕೆಯನ್ನು ಹಾಗೇ ಬಿಟ್ಟರೆ, ದಾಟುವುದು ಹೊಸ ಸಾಲನ್ನಾಗಿ, ಸರಿಯಾದ ಪಾಸ್‌ವರ್ಡ್ ಕೊಟ್ಟವರೂ ನಿರಾಕರಣೆಯ ಮೇಲೆ ಬಂದು ಬೀಳುತ್ತಾರೆ. ಆದ್ದರಿಂದ ‘ಪ್ಯಾಮ್-ಆತ್-ಅಪ್‌ಡೇಟ್’ ಸಾಧನದಿಂದಲೇ ಬದಲಾಯಿಸುವುದು ಲೇಸು. ಬದಲಾಯಿಸುವಾಗ ರೂಟ್ ಅಧಿಕಾರದ ಒಂದು ಟರ್ಮಿನಲ್ಲನ್ನು ತೆರೆದೇ ಇಟ್ಟು, ಪ್ರವೇಶವನ್ನು ಇನ್ನೊಂದರಿಂದ ಪರೀಕ್ಷಿಸಬೇಕು.