ಬಾಶೆಟ್ಟಿಹಳ್ಳಿ ಸುತ್ತಲಿನ ಕಾಲ್ನಡಿಗೆಯ ದಾರಿಗಳು

ಬಾಶೆಟ್ಟಿಹಳ್ಳಿ ಸುತ್ತಲಿನ ಕಾಲ್ನಡಿಗೆಯ ದಾರಿಗಳು ಎಂದರೆ ದೊಡ್ಡಬಳ್ಳಾಪುರ ತಾಲ್ಲೂಕು ಮತ್ತು ಅದರ ನೆರೆಯಲ್ಲಿ, ಬಸ್ಸು ಅಥವಾ ರೈಲಿನಿಂದ ಇಳಿದು ನಡೆಯಬಹುದಾದ ಕೆರೆ ಏರಿಗಳು, ಬಂಡಿದಾರಿಗಳು, ಕಾಲುದಾರಿಗಳು ಹಾಗೂ ಬೆಟ್ಟದ ಹಾದಿಗಳು. ಇವುಗಳಲ್ಲಿ ಹೆಚ್ಚಿನವು ವಿಹಾರಕ್ಕೆಂದು ನಿರ್ಮಿಸಿದವಲ್ಲ. ಹೊಲ, ಕೆರೆ, ಸಂತೆ, ಗುಡಿ ಮತ್ತು ನೆರೆಯೂರುಗಳಿಗೆ ಹೋಗಿಬರಲು ಗ್ರಾಮಸ್ಥರು ತಲೆಮಾರುಗಳಿಂದ ಬಳಸಿದ ಹಾದಿಗಳಿವು. ಕೈಗಾರಿಕೆ ಮತ್ತು ಬಡಾವಣೆಗಳು ಬೆಳೆಯುತ್ತಿರುವ ಈ ಭಾಗದಲ್ಲಿ ಇವುಗಳ ಬಳಕೆ ಕಡಿಮೆಯಾಗುತ್ತಿದೆ.

ಭೌಗೋಳಿಕ ಹಿನ್ನೆಲೆ

ಬಾಶೆಟ್ಟಿಹಳ್ಳಿಯು ಬೆಂಗಳೂರಿನಿಂದ ಯಲಹಂಕ, ರಾಜಾನುಕುಂಟೆ ಮಾರ್ಗವಾಗಿ ದೊಡ್ಡಬಳ್ಳಾಪುರ, ಗೌರಿಬಿದನೂರು ಮತ್ತು ಹಿಂದೂಪುರದ ಕಡೆಗೆ ಸಾಗುವ ರಾಜ್ಯ ಹೆದ್ದಾರಿ 9ರಲ್ಲಿ, ದೊಡ್ಡಬಳ್ಳಾಪುರ ನಗರಕ್ಕೆ ಕೆಲವೇ ಕಿಲೋಮೀಟರ್ ಮೊದಲು ಸಿಗುತ್ತದೆ. ಹೆದ್ದಾರಿಯ ಬದಿಯಲ್ಲಿ ಕೈಗಾರಿಕಾ ಪ್ರದೇಶವಿದೆ. ಅದನ್ನು ದಾಟಿದೊಡನೆ ರಾಗಿ, ಅವರೆ, ಹಿಪ್ಪುನೇರಳೆ ಹಾಗೂ ದ್ರಾಕ್ಷಿಯ ಹೊಲತೋಟಗಳು ಆರಂಭವಾಗುತ್ತವೆ. ಈ ಸೀಮೆಯಲ್ಲಿ ಬೆಳೆಯುವ ‘ಬೆಂಗಳೂರು ನೀಲಿ ದ್ರಾಕ್ಷಿ’ಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಈ ಪ್ರದೇಶವು ಅರ್ಕಾವತಿ ನದಿಯ ಮೇಲ್ಭಾಗದ ಜಲಾನಯನ ಪ್ರದೇಶಕ್ಕೆ ಸೇರಿದೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿಯು ಇಲ್ಲಿ ತುಂಬಿ ಹರಿಯುವ ಹೊಳೆಯಾಗಿ ಕಾಣುವುದಿಲ್ಲ. ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ನೀರು ಸಾಗುವ ಸರಣಿಯೇ ಇಲ್ಲಿ ನದಿ. ಮುಂದೆ ಅದು ಬೆಂಗಳೂರಿಗೆ ನೀರು ಒದಗಿಸಲು 1894ರಲ್ಲಿ ರೂಪಿಸಲಾದ ಹೆಸರಘಟ್ಟ ಕೆರೆಗೂ, ಅಲ್ಲಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೂ ಸಾಗುತ್ತದೆ. ಆದ್ದರಿಂದ ಈ ಭಾಗದ ಕೆರೆ ಏರಿಗಳ ಮೇಲೆ ನಡೆಯುವವನು ನದಿಯ ಜಾಡಿನಲ್ಲಿಯೇ ನಡೆಯುತ್ತಿರುತ್ತಾನೆ.

ಸಾರಿಗೆ

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಿಂದ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ 285ನೇ ಸರಣಿಯ ಬಸ್ಸುಗಳು ಯಲಹಂಕದ ಮೂಲಕ ಈ ದಿಕ್ಕಿಗೆ ಸಂಚರಿಸುತ್ತವೆ. ಗೌರಿಬಿದನೂರು ಹಾಗೂ ಹಿಂದೂಪುರದ ಕಡೆಗೆ ಹೋಗುವ ಬಸ್ಸುಗಳೂ ಇದೇ ರಸ್ತೆಯನ್ನು ಬಳಸುತ್ತವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು.

ಯಲಹಂಕ ಜಂಕ್ಷನ್‌ನಿಂದ ಎರಡು ರೈಲು ಮಾರ್ಗಗಳು ನಡಿಗೆಗೆ ಅನುಕೂಲಕರವಾಗಿವೆ. ಒಂದು ರಾಜಾನುಕುಂಟೆ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ಗೌರಿಬಿದನೂರು ಮೂಲಕ ಹಿಂದೂಪುರಕ್ಕೆ ಹೋಗುತ್ತದೆ. ಇನ್ನೊಂದು ದೇವನಹಳ್ಳಿ, ನಂದಿ ಹಾಲ್ಟ್ ಮೂಲಕ ಚಿಕ್ಕಬಳ್ಳಾಪುರಕ್ಕೆ. ಸಣ್ಣ ನಿಲ್ದಾಣಗಳಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲ. ಹೊರಡುವ ಮುನ್ನ ಮರಳುವ ರೈಲಿನ ವೇಳೆಯನ್ನು ತಿಳಿದುಕೊಳ್ಳುವುದು ಅವಶ್ಯಕ.

ಪ್ರಮುಖ ನಡಿಗೆಗಳು

ಕೆರೆ ಏರಿಯ ನಡಿಗೆ: ಬಾಶೆಟ್ಟಿಹಳ್ಳಿಯಲ್ಲಿ ಇಳಿದು ಮಜರಾಹೊಸಹಳ್ಳಿ, ಚಿಕ್ಕತುಮಕೂರು, ದೊಡ್ಡತುಮಕೂರು ಗ್ರಾಮಗಳ ಕಡೆಗೆ ಸಾಗುವ ಸಮತಟ್ಟಾದ ಹಾದಿ. ವಯಸ್ಸಾದವರೂ ಮಕ್ಕಳೂ ನಡೆಯಬಹುದು. ಆದರೆ ಕೈಗಾರಿಕಾ ಪ್ರದೇಶದ ಹಾಗೂ ನಗರದ ತ್ಯಾಜ್ಯನೀರು ಸೇರಿ ಇಲ್ಲಿನ ಕೆರೆಗಳು ಕಲುಷಿತಗೊಂಡಿವೆ. ಶುದ್ಧೀಕರಣಕ್ಕಾಗಿ ಗ್ರಾಮಸ್ಥರು ಹಲವು ಬಾರಿ ಪ್ರತಿಭಟಿಸಿದ್ದಾರೆ. ಈ ಕೆರೆಗಳ ನೀರನ್ನು ಕುಡಿಯಲು ಅಥವಾ ಕೈಕಾಲು ತೊಳೆಯಲು ಬಳಸಬಾರದು.

ಮಾಕಳಿದುರ್ಗ: ರೈಲು ನಿಲ್ದಾಣದ ಸಮೀಪದಲ್ಲಿಯೇ ಏಳುವ ಗ್ರಾನೈಟ್ ಶಿಲೆಯ ಬೆಟ್ಟ. ಮೇಲೆ ಹಳೆಯ ಕೋಟೆಯ ಅವಶೇಷಗಳೂ ಶಿವಾಲಯವೂ ಇವೆ. ಏರುಹಾದಿ ಕಲ್ಲುಮಯವಾಗಿದ್ದು ನೆರಳು ವಿರಳ. ಚಾರಣಕ್ಕೆ ಮುಂಗಡವಾಗಿ ಆನ್‌ಲೈನ್ ಮೂಲಕ ಅನುಮತಿ ಪಡೆಯಬೇಕು.

ಘಾಟಿ ಸುಬ್ರಹ್ಮಣ್ಯ: ಮಾಕಳಿದುರ್ಗದ ನೆರೆಯ ಯಾತ್ರಾಸ್ಥಳ. ಇಲ್ಲಿ ಒಂದೇ ಶಿಲೆಯಲ್ಲಿ ಸುಬ್ರಹ್ಮಣ್ಯ ಮತ್ತು ನರಸಿಂಹರಿದ್ದಾರೆ. ಹಿಂಬದಿಯ ನರಸಿಂಹನ ದರ್ಶನಕ್ಕಾಗಿ ಕನ್ನಡಿಯನ್ನು ಇರಿಸಲಾಗಿದೆ. ಡಿಸೆಂಬರ್-ಜನವರಿಯ ಸುಮಾರಿಗೆ ಕೂಡುವ ದನಗಳ ಜಾತ್ರೆ ಪ್ರಸಿದ್ಧವಾದುದು. ದೊಡ್ಡಬಳ್ಳಾಪುರದಿಂದ ಬಸ್ ಸೌಕರ್ಯವಿದೆ.

ರಾಜಘಟ್ಟ: ದೊಡ್ಡಬಳ್ಳಾಪುರ ತಾಲ್ಲೂಕಿನ ಗ್ರಾಮ. 2001ರಲ್ಲಿ ಆರಂಭವಾದ ಉತ್ಖನನದಲ್ಲಿ ಬೌದ್ಧ ಚೈತ್ಯದ ಅವಶೇಷಗಳೂ ಮಣ್ಣಿನ ಪುಟ್ಟ ಹರಕೆ ಸ್ತೂಪಗಳೂ ಇಲ್ಲಿ ದೊರೆತವು. ಹೊಲಗಳ ನಡುವಿನ ಈ ನಡಿಗೆಯು ಇತಿಹಾಸಾಸಕ್ತರಿಗೆ ಸೂಕ್ತವಾದುದು.

ನಂದಿ: ನಂದಿ ಹಾಲ್ಟ್ ನಿಲ್ದಾಣದಿಂದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ನಡೆದೇ ಹೋಗಬಹುದು. ದೇವಾಲಯದ ಮೂಲವು 9ನೆಯ ಶತಮಾನದ ಆರಂಭಕ್ಕೆ ಸಲ್ಲುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟವು ಊರಿನ ಹಿಂದೆಯೇ ನಿಂತಿದೆ.

ದಾರಿಯ ಹಕ್ಕು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾರ್ವಜನಿಕ ಕಾಲುದಾರಿಗಳನ್ನು ಅಧಿಕೃತ ನಕ್ಷೆಗಳಲ್ಲಿ ದಾಖಲಿಸುವ ವ್ಯವಸ್ಥೆಯನ್ನು 1949ರ ಕಾಯ್ದೆಯು ತಂದಿತು. ಕರ್ನಾಟಕದಲ್ಲಿ ವಿಹಾರದ ನಡಿಗೆಗೆಂದೇ ಅಂಥ ಕಾನೂನಿಲ್ಲ. ಆದರೂ ದಾರಿಗಳಿಗೆ ಆಧಾರವಿಲ್ಲದೆ ಇಲ್ಲ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ ಹಾಗೂ ಗುಂಡುತೋಪುಗಳನ್ನು ಗುರುತಿಸಲಾಗಿರುತ್ತದೆ. ಜನರು ಇಂಥ ಹಾದಿಯನ್ನು ‘ನಕಾಶೆ ದಾರಿ’ ಎನ್ನುತ್ತಾರೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಕಲಮಿನ ಪ್ರಕಾರ ಅನ್ಯರ ಸ್ವತ್ತಲ್ಲದ ಸಾರ್ವಜನಿಕ ರಸ್ತೆ, ಓಣಿ, ಹಾದಿ, ಹಳ್ಳ ಹಾಗೂ ಕೆರೆಗಳು ರಾಜ್ಯ ಸರ್ಕಾರಕ್ಕೆ ಸೇರಿವೆ. ಸರ್ವೆ ನಂಬರುಗಳನ್ನು ತೋರಿಸುವ ‘ದಿಶಾಂಕ್’ ಮೊಬೈಲ್ ಆ್ಯಪ್‌ನ ನೆರವಿನಿಂದ ತಾನು ನಿಂತಿರುವ ಜಾಗ ಯಾವುದೆಂದು ಯಾರು ಬೇಕಾದರೂ ತಿಳಿಯಬಹುದು.

ನಕ್ಷೆಯಲ್ಲಿ ಇರುವುದೆಲ್ಲ ನೆಲದ ಮೇಲೆ ಉಳಿದಿರುವುದಿಲ್ಲ. ಅಕ್ಕಪಕ್ಕದ ಜಮೀನು ಬಡಾವಣೆಯಾದಾಗ ನಡುವಿನ ದಾರಿಗೆ ಬೇಲಿ ಬೀಳುತ್ತದೆ. ಎತ್ತಿನ ಗಾಡಿ ನಿಂತುಹೋದ ಕಡೆ ಲಂಟಾನ ಆವರಿಸುತ್ತದೆ. ಜನರು ನಡೆಯುವ ದಾರಿಯನ್ನು ಯಾರಾದರೂ ಮುಚ್ಚಿದರೆ ಅದು ಅಂದೇ ತಿಳಿಯುತ್ತದೆ. ಯಾರೂ ನಡೆಯದ ದಾರಿ ಮುಚ್ಚಿಹೋದರೆ ಕೇಳುವವರಿರುವುದಿಲ್ಲ. ಹೀಗಾಗಿ ಹೊರಗಿನಿಂದ ಬರುವ ಪಾದಚಾರಿಯೂ ದಾರಿಯ ಉಳಿವಿಗೆ ಕಾರಣನಾಗಬಲ್ಲನು.

ಪಾದಚಾರಿಗಳು ಗಮನಿಸಬೇಕಾದ ಅಂಶಗಳು

ಮಳೆಗಾಲದ ಕೊನೆಯಿಂದ ಫೆಬ್ರವರಿವರೆಗಿನ ಅವಧಿ ನಡಿಗೆಗೆ ಹಿತಕರ. ಆಗ ರಾಗಿಯ ಕೊಯ್ಲನ್ನೂ ಸೊಗಡು ಅವರೆಯ ಹೊಲಗಳನ್ನೂ ಕಾಣಬಹುದು. ಬೆಳೆಯಿರುವ ಹೊಲದೊಳಗೆ ಇಳಿಯದೆ ಬದುವಿನ ಮೇಲೆ, ಅದೂ ರೈತರ ಒಪ್ಪಿಗೆ ಪಡೆದು ನಡೆಯಬೇಕು. ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ತೆನೆಯನ್ನು ತುಳಿಯಬಾರದು. ಕುಡಿಯುವ ನೀರನ್ನು ಜೊತೆಗೇ ಒಯ್ಯುವುದು ಒಳಿತು.

ಮಾಕಳಿದುರ್ಗದಲ್ಲಿ ರೈಲು ಹಳಿಯ ಮೇಲೆ ನಡೆಯುವ ರೂಢಿಯು ಅಪಾಯಕಾರಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅದು ಶಿಕ್ಷಾರ್ಹವೂ ಹೌದು. ಬೆಟ್ಟದ ಸಾಲಿನಲ್ಲಿ ಚಿರತೆಗಳ ಸಂಚಾರವಿರುವುದರಿಂದ ಕತ್ತಲಾಗುವ ಮುನ್ನ ಊರು ಸೇರಬೇಕು. ದಾರಿ ತಪ್ಪಿದಲ್ಲಿ ಮೊಬೈಲ್ ನಕ್ಷೆಗಿಂತ ದನ ಕಾಯುವವರನ್ನು ಕೇಳುವುದು ಹೆಚ್ಚು ವಿಶ್ವಾಸಾರ್ಹ. ಹಾದಿ ಈಗಲೂ ತೆರೆದಿದೆಯೇ ಎಂಬುದು ಅವರಿಗೆ ತಿಳಿದಿರುತ್ತದೆ.