ಕಲೆಗೆ ಮನೆಯಾದ ಅರಮನೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೆ ಮೈಸೂರು ದೂರದ ಊರಲ್ಲ. ಆಸ್ಪತ್ರೆಗೆ, ಕೋರ್ಟಿಗೆ, ಮದುವೆ ಜವಳಿಗೆ ಹೋಗಿಬರುವುದು ಇದ್ದದ್ದೇ. ದೊಡ್ಡ ಅರಮನೆ, ಮೃಗಾಲಯ ನೋಡದವರು ಕಡಿಮೆ. ಆದರೆ ಅರಮನೆಯಿಂದ ನಡೆದೇ ಹೋಗಬಹುದಾದ ಜಗನ್ಮೋಹನ ಅರಮನೆಯೊಳಗೆ ಸಾವಧಾನವಾಗಿ ಸುತ್ತಾಡಿದವರು ಎಷ್ಟು ಮಂದಿ?

ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಕಟ್ಟಡವಿದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದಾಗ ರಾಜಮನೆತನಕ್ಕೆ ಆಸರೆಯಾದದ್ದು ಇದೇ. 1902ರಲ್ಲಿ ವೈಸರಾಯ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ವಹಿಸಿಕೊಂಡದ್ದು ಇಲ್ಲೇ. 1907ರಲ್ಲಿ ಮೈಸೂರಿನ ನ್ಯಾಯವಿಧಾಯಕ ಸಭೆ ಮೊದಲು ಸೇರಿದ್ದೂ, ಮೈಸೂರು ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳು ನಡೆದದ್ದೂ ಇಲ್ಲೇ.

1912ರಲ್ಲಿ ಹೊಸ ಅರಮನೆ ಸಿದ್ಧವಾಯಿತು. ಜಗನ್ಮೋಹನಕ್ಕೆ ಬೀಗ ಬೀಳಬಹುದಿತ್ತು, ಬೀಳಲಿಲ್ಲ. 1915ರಲ್ಲಿ ಅದು ಚಿತ್ರಶಾಲೆಯಾಯಿತು. 1955ರಿಂದ ಅದರ ಹೆಸರು ಶ್ರೀ ಜಯಚಾಮರಾಜೇಂದ್ರ ಕಲಾ ಗ್ಯಾಲರಿ. ಅರಮನೆಯನ್ನು ಚಿತ್ರಶಾಲೆಯಾಗಿಸಿದ ನಾಲ್ವಡಿಯವರ ಕಾಲದ ನಿರ್ಧಾರ ನಾಡಿಗೆ ದಕ್ಕಿದ ದೊಡ್ಡ ಆಸ್ತಿ.

ರಾಜಾ ರವಿವರ್ಮನ ಮೂಲಕೃತಿಗಳು ಇಲ್ಲಿವೆ. ಕ್ಯಾಲೆಂಡರಿನಲ್ಲಷ್ಟೇ ಅವನನ್ನು ಕಂಡವರಿಗೆ ಸೀರೆಯ ಜರಿ, ಮೈಬಣ್ಣದ ಹದ ಇಲ್ಲಿ ಹೊಸದಾಗಿ ಕಾಣುತ್ತವೆ. ಜನ ಮುಗಿಬಿದ್ದು ನೋಡುವ ದೀಪ ಹಿಡಿದ ಹೆಣ್ಣಿನ ಚಿತ್ರವನ್ನೂ ಹಲವರು ರವಿವರ್ಮನದೆಂದೇ ತಿಳಿದಿದ್ದಾರೆ. ಅದು ಎಸ್.ಎಲ್. ಹಲ್ದಂಕರ್ ಅವರದು, ರೂಪದರ್ಶಿ ಅವರ ಮಗಳು ಗೀತಾ. ದೀಪಕ್ಕೆ ಅಡ್ಡ ಹಿಡಿದ ಅಂಗೈಯ ಬೆರಳಸಂದಿಯಲ್ಲಿ ಬೆಳಕು ಕೆಂಪಾಗಿ ಸೋಸಿಬಂದು, ಮುಖದ ಮೇಲೆ ಹಬ್ಬುತ್ತದೆ. ಇಷ್ಟನ್ನೂ ಸಾಧಿಸಿರುವುದು ಜಲವರ್ಣದಲ್ಲಿ. ಕತ್ತಲು ಮಾಡಿದ ಕೋಣೆಯಲ್ಲಿ ಅದರ ಮುಂದೆ ನಿಂತರೆ ದೀಪ ಉರಿಯುತ್ತಿದೆಯೆಂದೇ ಅನಿಸುತ್ತದೆ. ಗೋಡೆಗಳ ಮೇಲೆ ದಸರಾ ಮೆರವಣಿಗೆ, ಒಡೆಯರ ವಂಶವೃಕ್ಷ. ಮೇಲಿನ ಅಂತಸ್ತಿನಲ್ಲಿ ಹಳೆಯ ವಾದ್ಯಗಳು.

ವಾದ್ಯಗಳು ಮೇಲೆ ಮೌನವಾಗಿದ್ದರೂ ಮುಂಭಾಗದ ಸಭಾಂಗಣ ಮೌನವಾಗಿಲ್ಲ. ಸಂಗೀತ, ನೃತ್ಯ, ನಾಟಕಗಳಿಗೆ ಅದು ವೇದಿಕೆಯಾಗಿದೆ. ದಸರಾ ಕಾರ್ಯಕ್ರಮಗಳೂ ಅಲ್ಲಿ ನಡೆಯುತ್ತ ಬಂದಿವೆ. ಒಂದೇ ಸೂರಿನಡಿ ಚಿತ್ರ ನೋಡಿ, ಕಚೇರಿಯನ್ನೂ ಕೇಳುವ ಭಾಗ್ಯ ಎಲ್ಲ ಊರಿಗೂ ಇಲ್ಲ.

ಬಳಕೆಯಲ್ಲಿರುವ ಕಟ್ಟಡವೇ ಉಳಿಯುವ ಕಟ್ಟಡ. ನಮ್ಮ ತಾಲ್ಲೂಕುಗಳ ಹಳೆಯ ಕಟ್ಟಡಗಳನ್ನು ಕೆಡವುವ ಮುನ್ನ, ಅಲ್ಲೊಂದು ರಂಗವೇದಿಕೆಗೆ, ಚಿತ್ರಗಳಿಗೊಂದು ಗೋಡೆಗೆ ಜಾಗವಿದೆಯೇ ಎಂದು ಯೋಚಿಸೋಣ. ಶಾಲಾ ಪ್ರವಾಸದ ಪಟ್ಟಿಯಲ್ಲಿ ಜಗನ್ಮೋಹನ ಅರಮನೆಯೂ ಇರಲಿ. ಮಕ್ಕಳಿಗೆ ಅಲ್ಲಿ ಅವಸರ ಮಾಡಬೇಡಿ.