ಶೇಂಗಾ ಬೇರಿನೊಳಗೆ ಕೆಂಪು ಕಂಡ ದಿನ

ಉಗುರಿನಿಂದ ಹಿಸುಕಿದೆ. ಕೆಂಪು!

ಚಳ್ಳಕೆರೆ ಸೀಮೆಯ ಕೆಮ್ಮಣ್ಣಿನ ಹೊಲ. ಆಗಷ್ಟೇ ಕಿತ್ತ ಶೇಂಗಾ ಗಿಡ. ಬೇರಿನ ತುಂಬ ಮಣಿ ಪೋಣಿಸಿದಂತೆ ಸಾಸಿವೆ ಗಾತ್ರದ ಗಂಟುಗಳು. ಅದರಲ್ಲೊಂದು ಒಡೆದು ನನ್ನ ಹೆಬ್ಬೆರಳಿಗೆ ನಸುಗೆಂಪು ರಸ ಮೆತ್ತಿಕೊಂಡಿತ್ತು. ಗಿಡಕ್ಕೇನೋ ರೋಗ ಹತ್ತಿದೆ ಎಂದುಕೊಂಡು ದೊಡ್ಡಪ್ಪನಿಗೆ ತೋರಿಸಿದೆ.

"ರೋಗ ಅಲ್ಲ ಮಗ, ಆ ಗಂಟು ಕಟ್ಟಿದ್ರೇನೇ ಬೆಳೆಗೆ ಕಸುವು. ಕಟ್ಟಿಲ್ಲ ಅಂದ್ರೆ ನೆಲ ಸೊರಗೈತೆ ಅಂತ ಲೆಕ್ಕ" ಎಂದರು ಅವರು, ಮಣ್ಣು ಕೊಡವುತ್ತ.

ಮನೆಗೆ ಬಂದವನೇ ಓದಲು ಕೂತೆ. ಓದಿದಷ್ಟೂ ಮೈ ಜುಮ್ಮೆಂದಿತು. ಆ ಕೆಂಪಿನ ಹೆಸರು ಲೆಗ್‌ಹಿಮೋಗ್ಲೋಬಿನ್. ನಮ್ಮ ನಿಮ್ಮ ನರನಾಡಿಗಳಲ್ಲಿ ಹರಿಯುವ ಹಿಮೋಗ್ಲೋಬಿನ್ನಿನ ನೆಂಟ! ಇದರ ಒಡಲಲ್ಲೂ ಕಬ್ಬಿಣವಿದೆ, ಇದೂ ಆಮ್ಲಜನಕವನ್ನು ಹೊರುತ್ತದೆ. 1939ರಲ್ಲಿ ಜಪಾನಿನ ಹಿಡಿಯೊ ಕುಬೊ ಸೋಯಾ ಬೇರಿನ ಗಂಟಿನಲ್ಲಿ ಇದನ್ನು ಗುರುತಿಸಿದರು. ಹೊಲದಲ್ಲಿ ಕಂಡ ಆ ಬಣ್ಣ ರಕ್ತದ ಬಣ್ಣವೇ ಆಗಿತ್ತು.

ಗಿಡಕ್ಕೇಕೆ ಇಂಥ ಕೆಂಪು? ಉತ್ತರ ಇನ್ನೂ ಬೆರಗಿನದು.

ಗಂಟಿನೊಳಗಿನ ಕಾರ್ಖಾನೆ

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕ. ಎಲ್ಲ ಬೆಳೆಗೂ ಬೇಕಾದ ಆಹಾರ ಅದು. ಆದರೆ ಒಂದು ಬೆಳೆಯೂ ಅದನ್ನು ಗಾಳಿಯಿಂದ ನೇರವಾಗಿ ಉಣ್ಣಲಾರದು. ಸಾರಜನಕದ ಎರಡು ಪರಮಾಣುಗಳು ಒಂದನ್ನೊಂದು ಅಷ್ಟು ಬಿಗಿಯಾಗಿ ಹಿಡಿದಿರುತ್ತವೆ. ಆ ಹಿಡಿತ ಬಿಡಿಸಲು ರಸಗೊಬ್ಬರದ ಕಾರ್ಖಾನೆಗಳಲ್ಲಿ 400ರಿಂದ 500 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ವಾತಾವರಣದ ನೂರಕ್ಕೂ ಹೆಚ್ಚು ಪಟ್ಟು ಒತ್ತಡ ಬೇಕು.

ಅದೇ ಕೆಲಸ ಈ ಸಾಸಿವೆ ಗಾತ್ರದ ಗಂಟಿನೊಳಗೆ, ಹೊಗೆಯಿಲ್ಲದೆ, ಸದ್ದಿಲ್ಲದೆ, ಮಣ್ಣಿನ ತಂಪಿನಲ್ಲಿ ನಡೆಯುತ್ತದೆ!

ಮಾಡುವವರು ಬ್ಯಾಕ್ಟೀರಿಯಾ. ಶೇಂಗಾ ಬೇರಿನಿಂದ ಪಕ್ಕಬೇರು ಹೊಮ್ಮುವಾಗ ಸಿಪ್ಪೆ ಸಣ್ಣಗೆ ಬಿರಿಯುತ್ತದೆ. ಆ ಬಿರುಕೇ ಬಾಗಿಲು. ಒಳಹೊಕ್ಕ ಬ್ಯಾಕ್ಟೀರಿಯಾಗೆ ಗಿಡ ಗಂಟು ಕಟ್ಟಿ ಮನೆ ಕೊಡುತ್ತದೆ, ಎಲೆಗಳು ಬಿಸಿಲಲ್ಲಿ ಮಾಡಿದ ಸಕ್ಕರೆ ಉಣಿಸುತ್ತದೆ. ಪ್ರತಿಯಾಗಿ ಅದು ಗಾಳಿಯ ಸಾರಜನಕವನ್ನು ಗಿಡ ಉಣ್ಣುವ ರೂಪಕ್ಕೆ ತಂದುಕೊಡುತ್ತದೆ. ಇಲ್ಲೊಂದು ಇಕ್ಕಟ್ಟಿದೆ. ಈ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಕೆಟ್ಟೇಹೋಗುತ್ತದೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕವೇ ಬೇಕು! ಆಗ ಬರುತ್ತದೆ ಆ ಕೆಂಪು. ಆಮ್ಲಜನಕವನ್ನು ಹಿಡಿದಿಟ್ಟು, ಅಳೆದು ತೂಗಿ, ಉಸಿರಿಗೆ ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ.

ಹಿಸುಕಿದಾಗ ಕೆಂಪು ಕಂಡರೆ ಗಂಟು ದುಡಿಯುತ್ತಿದೆ. ಬಿಳಿಯಿದ್ದರೆ ಇನ್ನೂ ಎಳಸು, ಇಲ್ಲವೇ ಕೆಲಸಕ್ಕೆ ಬಾರದ್ದು. ಹಸಿರು, ಕಂದು ಆಗಿದ್ದರೆ ಮುಪ್ಪು. ಇನ್ನೊಂದು ಮಾತನ್ನು ರೈತರು ಗಟ್ಟಿಯಾಗಿ ನೆನಪಿಡಬೇಕು: ಯೂರಿಯಾ ಅತಿಯಾಗಿ ಸುರಿದ ನೆಲದಲ್ಲಿ ಗಿಡ ಗಂಟು ಕಟ್ಟಿಕೊಳ್ಳುವ ಗೋಜಿಗೇ ಹೋಗುವುದಿಲ್ಲ.

ಒಂದು ಚಮಚದಲ್ಲಿ ಒಂದು ಲೋಕ

ಅಲ್ಲಿಂದ ನನಗೆ ಮಣ್ಣಿನ ಹುಚ್ಚು ಹಿಡಿಯಿತು. ಕಾಲಡಿಯಲ್ಲಿ ಇಷ್ಟೆಲ್ಲ ಇದೆಯೇ?

ಇದೆ. ಒಂದೇ ಚಮಚ ಒಳ್ಳೆಯ ಮಣ್ಣಿನಲ್ಲಿ ನೂರು ಕೋಟಿ ಬ್ಯಾಕ್ಟೀರಿಯಾ ಇರಬಲ್ಲವು. ಭೂಮಿಯ ಮೇಲಿನ ಜೀವಪ್ರಭೇದಗಳಲ್ಲಿ ಶೇಕಡ 59ರಷ್ಟರ ಮನೆ ಮಣ್ಣೇ ಎಂದು 2023ರ ಒಂದು ಅಧ್ಯಯನ ಅಂದಾಜು ಮಾಡಿದೆ. ಗಟ್ಟಿಯೆಂದು ನಾವು ತುಳಿಯುವ ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಗಾಳಿ ಮತ್ತು ನೀರು!

ಮೊದಲ ಮಳೆಗೆ ಏಳುವ ಆ ಕಂಪು ನೆನಪಿದೆಯೇ? ಅದರ ಒಳಗಿರುವ ಮುಖ್ಯ ವಸ್ತು ಜಿಯೋಸ್ಮಿನ್. ಅದನ್ನು ಮಾಡುವವು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾಗಳು. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ನಮಗಷ್ಟೇ ಅಲ್ಲ, ಆ ವಾಸನೆ ಮಣ್ಣಿನಲ್ಲಿ ಜಿಗಿಯುವ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಹುಳುಗಳಿಗೂ ಕರೆ. ಬಂದ ಹುಳು ಆ ಬ್ಯಾಕ್ಟೀರಿಯಾವನ್ನು ಮೇಯುತ್ತದೆ, ಮೈಗೆ ಬೀಜಕಣ ಅಂಟಿಸಿಕೊಂಡು ಹೋಗಿ ಬೇರೆಡೆ ಬಿತ್ತುತ್ತದೆ. ಇದು ವಿಜ್ಞಾನಿಗಳಿಗೆ ತಿಳಿದದ್ದೇ 2020ರಲ್ಲಿ! ಇದೇ ಸ್ಟ್ರೆಪ್ಟೊಮೈಸಿಸ್ ಕುಲದಿಂದ 1943ರಲ್ಲಿ ಅಮೆರಿಕದ ಆಲ್ಬರ್ಟ್ ಶಾಟ್ಜ್, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಸ್ಟ್ರೆಪ್ಟೊಮೈಸಿನ್ ಪಡೆದರು. ಅದುವರೆಗೆ ಮದ್ದಿಲ್ಲದಿದ್ದ ಕ್ಷಯಕ್ಕೆ ಮದ್ದು ಸಿಕ್ಕಿತು. ಮಣ್ಣು ಮನುಷ್ಯನ ಎದೆಗೂಡಿಗೆ ಉಸಿರು ಕೊಟ್ಟಿತು!

ಇನ್ನು ಶಿಲೀಂಧ್ರಗಳು. ಕೂದಲಿಗಿಂತ ನವುರಾದ ಎಳೆಗಳು ಬೇರಿನಿಂದ ಹೊರಟು, ಬೇರು ತಲುಪಲಾರದ ಸಂದುಗಳಿಗೆ ನುಗ್ಗಿ ರಂಜಕವನ್ನು ಹೊತ್ತು ತರುತ್ತವೆ. ಈ ಬೇರುಶಿಲೀಂಧ್ರಗಳ ಬೆನ್ನುಹತ್ತಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ದುಡಿದವರು ಡಿ. ಜೆ. ಭಾಗ್ಯರಾಜ್. ನಮ್ಮ ನೆಲದ ಗುಟ್ಟನ್ನು ನಮ್ಮವರೇ ಬಿಡಿಸಿದ ಹೆಮ್ಮೆ ಅದು.

ನುಡಿಗೆ ಮೊದಲೇ ಗೊತ್ತಿತ್ತು

ಓದುತ್ತಿದ್ದಾಗ ಒಂದು ಪದ ನನ್ನನ್ನು ತಡೆದು ನಿಲ್ಲಿಸಿತು: ಬೆದೆ. ಹಸು ಬೆದೆಗೆ ಬಂತು ಎನ್ನುತ್ತೇವೆ. ಮಳೆ ಬಿದ್ದು ಬಿತ್ತನೆಗೆ ಹದವಾದ ನೆಲಕ್ಕೂ ನಮ್ಮ ಹಳ್ಳಿಗಳಲ್ಲಿ ಅದೇ ಮಾತು, ಹೊಲ ಬೆದೆಗೆ ಬಂತು! ತುಳುನಾಡಿನ ಕೆಡ್ಡಸದಲ್ಲಿ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಮೂರು ದಿನ ನೆಲಕ್ಕೆ ಗುದ್ದಲಿ ತಾಗಿಸುವುದಿಲ್ಲ. ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ ಪೈರು ಹೊತ್ತ ಗದ್ದೆಗೆ ಬಸುರಿಯ ಬಯಕೆಯ ಊಟ ಬಡಿಸುತ್ತಾರೆ. ಸೂಕ್ಷ್ಮದರ್ಶಕ ಕಾಣದ ಜನ ಮಣ್ಣನ್ನು ಜೀವವೆಂದೇ ನಡೆಸಿಕೊಂಡರು. ಮಣ್ಣೆಂದರೆ ಚೀಲದಿಂದ ಸುರಿದ ಗೊಬ್ಬರವನ್ನು ಹಿಡಿದಿಡುವ ತೊಟ್ಟಿ ಎಂದುಕೊಂಡದ್ದು ಇತ್ತೀಚೆಗೆ, ನಮ್ಮ ಕಾಲದಲ್ಲಿ.

ಜೀವವಾದ್ದರಿಂದ ಅದು ಸಾಯಲೂ ಬಲ್ಲದು. ಎರಡು ಮೂರು ಸೆಂಟಿಮೀಟರ್ ಮೇಲ್ಮಣ್ಣು ಹುಟ್ಟಲು ಸಾವಿರ ವರ್ಷ ಹಿಡಿಯಬಹುದು. ಬರಿಮೈಯಲ್ಲಿ ಬಿಟ್ಟ ಇಳಿಜಾರಿನ ಹೊಲದಿಂದ ಅದು ಕೆಲವೇ ಬಿರುಸು ಮಳೆಗೆ ಹಳ್ಳ ಸೇರುತ್ತದೆ.

ನೀವೇ ನೋಡಿ

ಒಂದು ಒಣ ಹೆಂಟೆ ಬದುವಿನ ಹುಲ್ಲಿನಡಿಯಿಂದ, ಇನ್ನೊಂದು ವರ್ಷವರ್ಷವೂ ಉತ್ತು ಬರಿದಾದ ಕೆಂಪು ಹೊಲದಿಂದ. ಎರಡನ್ನೂ ಎರಡು ಲೋಟ ನೀರಿಗೆ ಮೆಲ್ಲಗೆ ಇಳಿಬಿಟ್ಟೆ. ಹೊಲದ ಹೆಂಟೆ ಕ್ಷಣಾರ್ಧದಲ್ಲಿ ಕುಸಿದು ರಾಡಿಯಾಯಿತು. ಬದುವಿನದು ಅಲ್ಲಾಡಲಿಲ್ಲ, ನೀರೂ ತಿಳಿಯಾಗಿಯೇ ಇತ್ತು! ಕಣಕಣವನ್ನು ಹಿಡಿದಿದ್ದದ್ದು ಶಿಲೀಂಧ್ರದ ಎಳೆ, ಬೇರಿನ ಅಂಟು, ಎರೆಹುಳುವಿನ ಲೋಳೆ.

ಮುಂಗಾರಿನ ಶುರುವಿನಲ್ಲಿ ಹಳೆಯ ಹತ್ತಿ ಬಟ್ಟೆಯ ಎರಡು ತುಂಡುಗಳನ್ನೂ ಅದೇ ಎರಡು ಜಾಗಗಳಲ್ಲಿ ಹೂತಿದ್ದೆ. ಎರಡು ತಿಂಗಳಿಗೆ ಅಗೆದರೆ, ಬದುವಿನ ಬಟ್ಟೆ ಜಾಲರಿಯಾಗಿತ್ತು, ಅಂಚಿನ ನೈಲಾನ್ ದಾರವಷ್ಟೇ ಗಟ್ಟಿ ಉಳಿದಿತ್ತು. ಹೊಲದ ಬಟ್ಟೆಯನ್ನು ಒಗೆದು ಮತ್ತೆ ಬಳಸಬಹುದಿತ್ತು. ಅಲ್ಲಿ ಉಣ್ಣಲು ಯಾರೂ ಉಳಿದಿರಲಿಲ್ಲ.

ಹಾಗಾದರೆ ಮಣ್ಣಿಗೆ ಊಟ ಹಾಕಬೇಕು, ಅಷ್ಟೇ! ತಿಪ್ಪೆಗೊಬ್ಬರ, ಹೊಂಗೆ ಸೊಪ್ಪು, ಕೆರೆಗೋಡು, ಹೊಲದಲ್ಲಿ ರಾತ್ರಿ ತಂಗುವ ಕುರಿಮಂದೆ. ಕೂಳೆಯನ್ನು ಸುಡದೆ ಹೊದಿಕೆಯಾಗಿ ಬಿಡುವುದು. ರಾಗಿಯ ಜೊತೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಬದು ಭದ್ರ ಮಾಡುವುದು. ಮಣ್ಣು ಪರೀಕ್ಷೆ ಮಾಡಿಸಿ, ಕೊರತೆ ಇದ್ದುದನ್ನಷ್ಟೇ ಕೊಡುವುದು. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ನಮ್ಮ ಖುಷ್ಕಿ ಹೊಲಗಳ ಮಣ್ಣು ಪರೀಕ್ಷಿಸಿದಾಗ ಹಲವೆಡೆ ಗಂಧಕ, ಸತು, ಬೋರಾನ್ ಸಾಲದೆಂದು ಗೊತ್ತಾಯಿತು. ಎಷ್ಟು ಯೂರಿಯಾ ಸುರಿದರೂ ತುಂಬದ ಕೊರತೆಗಳು ಅವು.

ಡಿಸೆಂಬರ್ 5 ವಿಶ್ವ ಮಣ್ಣು ದಿನ. ವಿಶ್ವಸಂಸ್ಥೆ 2014ರಿಂದ ಆಚರಿಸುತ್ತಿದೆ. ಆ ಹೊತ್ತಿಗೆ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಕಡಲೆ ಹಸಿರಾಗಿ ನಿಂತಿರುತ್ತದೆ. ಭಾಷಣ ಆಮೇಲಾಗಲಿ. ಮೊದಲು ಊರಿನ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ. ಯಜಮಾನರನ್ನು ಕೇಳಿ ಒಂದೇ ಒಂದು ಗಿಡವನ್ನು ಬೇರು ಹರಿಯದಂತೆ ಮಣ್ಣು ಸಮೇತ ಎಬ್ಬಿಸಿ. ಅದರ ಬೇರಿನ ಗಂಟೊಂದನ್ನು ಮಗುವಿನ ಅಂಗೈಗೆ ಹಾಕಿ, ಉಗುರಿನಿಂದ ಹಿಸುಕಲು ಹೇಳಿ.

ಆಮೇಲೆ ಆ ಮುಖವನ್ನೇ ನೋಡುತ್ತಿರಿ.